ಜಠರದ ಮೇಲ್ತುದಿಯವರು

ಗೋಡೆಯ ಮೇಲೆ ಒಂದು ಹೊಟ್ಟೆಯಿತ್ತು. ಆಳೆತ್ತರದ ಗಾಜಿನ ಪರದೆಯಲ್ಲಿ ಮೂಡಿದ ಜಠರ. ಅನ್ನನಾಳ ಬಂದು ಕೂಡುವ ಮೇಲ್ತುದಿ ಕೆಂಪು, ನಡುಭಾಗ ಹಳದಿ, ಕರುಳಿಗೆ ಇಳಿಯುವ ಕೆಳಭಾಗ ಹಸಿರು. ಹುಬ್ಬಳ್ಳಿಯ ಆ ಕ್ಯಾನ್ಸರ್ ಆಸ್ಪತ್ರೆಗೆ ಬಂದವರು ಬಾಗಿಲ ಬಳಿಯ ಗಣಪತಿಗೆ ಕೈಮುಗಿಯುವುದನ್ನಾದರೂ ಮರೆತಾರು, ಈ ಹೊಟ್ಟೆಯ ಮುಂದೆ ನಿಂತು ತಮ್ಮ ಗಡ್ಡೆ ಎಲ್ಲಿತ್ತೆಂದು ಬೆರಳಿಟ್ಟು ನೋಡದೆ ಮುಂದೆ ಹೋಗುತ್ತಿರಲಿಲ್ಲ. ಹಸಿರಿನ ಮೇಲೆ ಬೆರಳು ಬಿದ್ದವರು ಕೂಡಲೇ ಮನೆಗೆ ಫೋನ್ ಹಚ್ಚುತ್ತಿದ್ದರು. ಕೆಂಪಿನ ಮೇಲೆ ಬಿದ್ದವರು ಬಣ್ಣ ಹತ್ತಿತೇನೋ ಎಂಬಂತೆ ಬೆರಳನ್ನು ಸೆರಗಿಗೋ ಅಂಗಿಗೋ ಒರೆಸಿಕೊಳ್ಳುತ್ತಿದ್ದರು.

ಕಸ್ತೂರಿ ಬಡಿಗೇರ ಒರೆಸಿಕೊಳ್ಳಲಿಲ್ಲ. ಕೆಂಪಿನ ನಟ್ಟನಡುವೆ ಬೆರಳಿಟ್ಟು, ತೂಕದಲ್ಲಿ ಮೋಸ ಮಾಡಿದ ಅಂಗಡಿಯವನನ್ನು ನೋಡುವಂತೆ ದಿಟ್ಟಿಸಿದಳು. ಅವಳ ಗಡ್ಡೆ ಇದ್ದದ್ದು ಅಲ್ಲಿಯೇ. ಗಡ್ಡೆಯ ಜೊತೆ ಇಡೀ ಜಠರವನ್ನೂ ತೆಗೆದು, ಅನ್ನನಾಳವನ್ನು ನೇರವಾಗಿ ಕರುಳಿಗೆ ಹೊಲಿದು ಒಂದು ತಿಂಗಳಾಗಿತ್ತು. ಐವತ್ತು ದಾಟಿದ ಈ ಹೆಂಗಸು ರೈಲ್ವೆ ಕಂಟ್ರೋಲ್ ಕೋಣೆಯಲ್ಲಿ ಸೆಕ್ಷನ್ ಕಂಟ್ರೋಲರ್. ಯಾವ ಗಾಡಿ ಮುಂದೆ ಹೋಗಬೇಕು, ಯಾವುದು ಪಕ್ಕದ ಲೂಪ್ ಹಳಿಗೆ ಸರಿದು ದಾರಿ ಬಿಡಬೇಕು ಎಂದು ದಿನವಿಡೀ ಹೇಳುವುದು ಅವಳ ಕಸುಬು. ಅದನ್ನೇ ಬೇರೆಯವರು ತನಗೆ ಹೇಳಿದರೆ ಅವಳಿಗೆ ಸೇರುತ್ತಿರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನಂತೂ ಅವಳ ಮುಂದೆ ಯಾರೂ ಎತ್ತುವಂತಿರಲಿಲ್ಲ. ಊಟವನ್ನು ಅವಳಷ್ಟು ಬಲ್ಲವರು ರೈಲ್ವೆ ಕ್ವಾರ್ಟರ್ಸಿನಲ್ಲಿ ಇನ್ನೊಬ್ಬರಿರಲಿಲ್ಲ.

ಆ ಕಾಲಕ್ಕೆ ಜಠರದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೇ ಕೊನೆಯ ಮಾತಾಗಿರಲಿಲ್ಲ. ಕೊಯ್ದು ತೆಗೆದ ಗಡ್ಡೆಯ ಚೂರನ್ನೂ, ರೋಗಿಯ ರಕ್ತದಿಂದ ಆರಿಸಿದ ಬಿಳಿ ಕಣಗಳನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮೈಯ ಬಿಸುಪಿನಲ್ಲಿ ಬೆಳೆಸುತ್ತಿದ್ದರು. ಕಣಗಳು ಶತ್ರುವಿನ ಗುರುತು ಹಿಡಿಯಲು ಕಲಿತು ಕೋಟಿಗಟ್ಟಲೆಯಾದ ಮೇಲೆ ಅದೇ ರೋಗಿಯ ರಕ್ತಕ್ಕೆ ಬಿಡುತ್ತಿದ್ದರು. ಡಾಕ್ಟರರ ಕಣ್ಣಿಗೆ ಬೀಳದೆ ಉಳಿದ ಕ್ಯಾನ್ಸರಿನ ಬೀಜಗಳನ್ನು ಅವು ಹುಡುಕಿ ಮುಗಿಸುತ್ತಿದ್ದವು. ಆ ಪೆಟ್ಟಿಗೆಗೆ ಕಾವುಗೂಡು ಎಂದು ಹೆಸರು. ಕೋಳಿ ಮೊಟ್ಟೆಯ ಮೇಲೆ ಕುಳಿತಂತೆ ಒಂದೊಂದು ಗೂಡನ್ನೂ ವಾರಗಟ್ಟಲೆ ಕಾಯಬೇಕಾದ್ದರಿಂದ ಅವು ನಲವತ್ತಕ್ಕಿಂತ ಹೆಚ್ಚಿರಲಿಲ್ಲ. ಗೂಡು ಬೇಕಾದವರು ಮಾತ್ರ ಅದರ ಹತ್ತು ಪಟ್ಟು.

ಯಾರಿಗೆ ಗೂಡು ಎಂದು ತೀರ್ಮಾನಿಸುತ್ತಿದ್ದದ್ದು ‘ನಿರ್ಣಯ’ ಎಂಬ ಯಂತ್ರ. ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬರ ಮಣಿಕಟ್ಟಿಗೂ ಒಂದು ಪಟ್ಟಿ ಕಟ್ಟಿರುತ್ತಿದ್ದರು. ತೂಕ, ಸಕ್ಕರೆ, ಜ್ವರ, ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಎಲ್ಲವೂ ಪಟ್ಟಿಯಿಂದ ಯಂತ್ರಕ್ಕೆ ಹೋಗುತ್ತಿದ್ದವು. ಯಾವ ಜಾಗದ ಗಡ್ಡೆಯವರು ಎಷ್ಟು ಕಾಲ ಬದುಕಿದರು ಎಂದು ನೋಡಿ ಅದು ಗೋಡೆಯ ಹೊಟ್ಟೆಗೆ ಬಣ್ಣ ಬಳಿಯುತ್ತಿತ್ತು. ಬಣ್ಣ ನೋಡಿ ಗೂಡು ಹಂಚುತ್ತಿತ್ತು. ಹಳ್ಳಿಯ ಗೌಡನ ಹಾಗೆ ಹೇಳಿದ್ದೇ ಕೊನೆಯಾದ್ದರಿಂದ ರೋಗಿಗಳು ಅದನ್ನು ಗೌಡಪ್ಪ ಎಂದು ಕರೆಯುತ್ತಿದ್ದರು. ಮೇಲ್ತುದಿಯವರಿಗೆ ಗೌಡಪ್ಪ ಗೂಡು ಕೊಡುತ್ತಿರಲಿಲ್ಲ. ಅವರಿಗೆ ನೋವಿನ ಗುಳಿಗೆ, ತಿಂಗಳಿಗೊಂದು ಮಂಗಳವಾರ ತಪಾಸಣೆ, ಅಷ್ಟೇ.

ಕಸ್ತೂರಿಯ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ್ ತಹಸೀನ್ ಕಿತ್ತೂರ ಸುಳ್ಳು ಹೇಳಲು ಬಾರದ ಹೆಣ್ಣುಮಗಳು. ಗಡ್ಡೆ ಅಂಚು ಸಮೇತ ಪೂರ್ತಿ ಬಂದಿದೆ, ಕೆಲಸ ಚೊಕ್ಕಟವಾಗಿದೆ ಎಂದು ಮೊದಲು ಹೇಳಿದರು. ಆಮೇಲೆ ಜಾಗದ ಕತೆ ಹೇಳಿದರು. ಕೆಳಗಿನ ಗಡ್ಡೆ ಊಟಕ್ಕೆ ಅಡ್ಡ ನಿಂತು ವಾಂತಿ ಮಾಡಿಸಿ ಬೇಗ ಸಿಕ್ಕಿಬೀಳುತ್ತದೆ. ಮೇಲಿನದು ಸದ್ದಿಲ್ಲದೆ ಬಹಳ ದಿನ ಕೂತಿರುತ್ತದೆ. ಕೆಳಗಿನವರಿಗೆ ಅರ್ಧ ಜಠರವಾದರೂ ಉಳಿಯುತ್ತದೆ. ಮೇಲಿನವರದು ಪೂರ್ತಿ ಹೋಗುತ್ತದೆ, ಎದೆಯ ಹತ್ತಿರದ ಹೊಲಿಗೆ ಸೂಕ್ಷ್ಮ, ಉಣ್ಣುವುದು ಕಷ್ಟ, ಮೈ ಇಳಿಯುತ್ತದೆ. ಜಾಗ ಸುಳ್ಳಲ್ಲ ಎಂದರು ಡಾಕ್ಟರ್. ಕಸ್ತೂರಿ ಎಲ್ಲವನ್ನೂ ಕೇಳಿಸಿಕೊಂಡಳು, ಆದರೆ ಗೂಡು ಯಾಕಿಲ್ಲ ಎಂಬುದನ್ನು ಕೊಡದವರ ಬಾಯಿಂದಲೇ ಕೇಳಬೇಕೆಂದು ಹಟ ಹಿಡಿದಳು.

ಕೊಡದವರು ಡಾಕ್ಟರ್ ವಾದಿರಾಜ ಕಟ್ಟಿ, ನಿಗಾ ಕೋಣೆಯ ಮುಖ್ಯಸ್ಥರು. ಪರದೆಗಳ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ತೆಳ್ಳನೆಯ ಮನುಷ್ಯ. ಅವರೆದುರು ಅದೇ ಬೆಳಿಗ್ಗೆ ಗೂಡು ಸಿಕ್ಕಿದ್ದ ಯಮನಪ್ಪ ಮೇಟಿ ಎಂಬ ಕೆಳಭಾಗದ ರೋಗಿ ಬಾಳೆಹಣ್ಣು ಸುಲಿಯುತ್ತಿದ್ದ. ಕಸ್ತೂರಿಯ ಪ್ರಶ್ನೆಗೆ ಕಟ್ಟಿಯವರು ಸಿಟ್ಟಾಗಲಿಲ್ಲ.

“ಗೂಡು ನಲವತ್ತ ಅವ ಬಾಯಾರ. ನಿಮಗ ಒಂದು ಕೊಡಬೇಕಂದ್ರ ಯಾರ ಕೈಯಾಗಿಂದ ಕಸ್ಕೊಳ್ಳಲಿ? ಇವರ ಕೈಯಾಗಿಂದ ಏನು?” ಎಂದು ಯಮನಪ್ಪನನ್ನು ತೋರಿಸಿದರು. ಯಮನಪ್ಪ ಬಾಳೆಹಣ್ಣನ್ನು ಬೆನ್ನ ಹಿಂದೆ ಅಡಗಿಸಿದ. “ಹಂಗ ಕಸ್ಕೊಳ್ಳೂದು ನನಗ ಆಗೂದಿಲ್ಲ. ಇದು ನಾ ಹೇಳಿದ್ದಲ್ಲ, ಗಡ್ಡಿ ಇದ್ದ ಜಾಗಾ ಹೇಳಿದ್ದು. ಇದರಾಗ ನಾ ಎಂದೂ ಕೈ ಹಾಕಿಲ್ಲ, ಹಾಕೂದೂ ಇಲ್ಲ. ನಿರ್ಣಯ ಅಂದದ್ದ ಅಂತಿಮ.”

ಹೆಸರು ಹೇಳಲು ಕಸ್ತೂರಿಗೆ ಬಾಯಿ ಬರಲಿಲ್ಲ. ಯಮನಪ್ಪ ಸಾಯಲಿ ಎನ್ನುವಷ್ಟು ಕೆಟ್ಟವಳಲ್ಲ ಅವಳು. ಹಾಗೆಂದು ತಾನು ಸಾಯಲೂ ಒಪ್ಪಿಗೆಯಿರಲಿಲ್ಲ. ತಣ್ಣನೆಯ ಕಪಾಟಿನಲ್ಲಿಟ್ಟ ಅವಳ ಗಡ್ಡೆಯ ಚೂರು ಇನ್ನು ನಾಲ್ಕು ತಿಂಗಳಷ್ಟೇ ಕೆಲಸಕ್ಕೆ ಬರುತ್ತಿತ್ತು. ಅಷ್ಟರೊಳಗೆ ಗೂಡು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಮನೆಯಲ್ಲಿ ಗಂಡ ಮೌನೇಶ ಒಂದು ಮರದ ಡಬ್ಬಿ ಮಾಡಿಟ್ಟಿದ್ದ. ರೈಲು ಡಬ್ಬಿಗಳ ಕಾರ್ಖಾನೆಯಲ್ಲಿ ಬಡಗಿಯಾಗಿ ನಿವೃತ್ತನಾದವನು. ದುಃಖವಾದರೆ ಅಳುವ ಬದಲು ಮರ ಕೆತ್ತುವ ಜಾತಿ. ಮಸಾಲೆ ಡಬ್ಬಿಯ ಹಾಗೆ ಒಳಗೆ ಮನೆಗಳು: ಒಂದರಲ್ಲಿ ಮುರಿದ ರೊಟ್ಟಿಯ ಚೂರು, ಒಂದರಲ್ಲಿ ಮೆತ್ತಗೆ ಬೇಯಿಸಿದ ಹೆಸರುಬೇಳೆ, ಒಂದರಲ್ಲಿ ಶೇಂಗಾ ಚಟ್ನಿ, ಒಂದರಲ್ಲಿ ಗಟ್ಟಿ ಮೊಸರು. ಜಠರವಿಲ್ಲದವರು ಹೊಟ್ಟೆ ತುಂಬ ಉಣ್ಣುವಂತಿಲ್ಲ. ಎರಡೆರಡು ತಾಸಿಗೆ ಎರಡೆರಡು ತುತ್ತು, ಅಗಿದು ಅಗಿದು ನುಂಗಬೇಕು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕಂಡರೆ ಲೆಕ್ಕವಿಡದೆ ತಿನ್ನುತ್ತಿದ್ದ ಕಸ್ತೂರಿ ಈಗ ರೊಟ್ಟಿಯ ಒಂದು ಚೂರನ್ನು ಹತ್ತು ಸಲ ತಿರುವಿ ನೋಡಿ ಬಾಯಿಗಿಡುತ್ತಿದ್ದಳು. ಅದು ಅವಳಿಗೆ ಕ್ಯಾನ್ಸರಿಗಿಂತ ಹೆಚ್ಚಿನ ಅವಮಾನ.

ನಿಗಾ ಕೋಣೆಯ ಕತೆ ಕೇಳಿದ ಮೌನೇಶ, ದೊಡ್ಡವರ ಹತ್ತಿರ ಜಗಳ ಬೇಡ, ಇರುವಷ್ಟು ದಿನ ಸಮಾಧಾನದಿಂದ ಇರೋಣ ಎಂದ. ಬಡವನ ಸಿಟ್ಟು ದವಡೆಗೆ ಮೂಲ ಎಂದು ಗಾದೆಯನ್ನೂ ಸೇರಿಸಿದ.

“ನನಗ ಈಗ ದವಡಿ ಒಂದ ಉಳದೈತ್ರಿ, ಹೊಟ್ಟಿ ಅಂತೂ ಇಲ್ಲ,” ಎಂದಳು ಕಸ್ತೂರಿ. “ಅದನ್ನರ ಉಪಯೋಗ ಮಾಡ್ತೀನಿ ಬಿಡ್ರಿ.”

ರಜೆಯ ಕಾಗದಕ್ಕೆ ಸಹಿ ಹಾಕಲು ಅವಳು ಮಾರನೆಯ ವಾರ ಕಂಟ್ರೋಲ್ ಕೋಣೆಗೆ ಹೋದಳು. ಈಗೀಗ ಅಲ್ಲಿಯೂ ಯಂತ್ರವೇ ಮೊದಲು ಸಲಹೆ ಕೊಡುತ್ತದೆ, ಮನುಷ್ಯರು ಹೂಂ ಎನ್ನುತ್ತಾರೆ. ಅವಳ ಕುರ್ಚಿಯಲ್ಲಿ ಕೂತಿದ್ದ ಹುಡುಗಿಯ ಕಿವಿಗೆ ಹೆಡ್‌ಫೋನ್, ಎದುರಿನ ಪರದೆಯಲ್ಲಿ ಓರೆ ಗೆರೆಗಳಾಗಿ ಓಡುವ ಗಾಡಿಗಳು. ಅದರಲ್ಲಿ ಒಂದು ಗೆರೆ ಹಾವು ಸತ್ತುಬಿದ್ದಂತೆ ನೆಟ್ಟಗೆ ಮಲಗಿತ್ತು. ಅದು ಬೆಳಗಿನ ಪ್ಯಾಸೆಂಜರ್, ಲೂಪ್ ಹಳಿಯಲ್ಲಿ ನಿಂತಿದೆ. ಕೋಣೆಯವರೆಲ್ಲ ಅದಕ್ಕೆ ಸೋಮಾರಿ ಎಂದು ಹೆಸರಿಟ್ಟಿದ್ದರು. ಇವತ್ತೂ ಸೋಮಾರಿ ತಡವೇ ಎಂದು ಕೇಳಿದರೆ, ಅದು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದೆ ಅಕ್ಕಾ ಎಂದು ಹುಡುಗಿ ನಕ್ಕಳು.

ಕಸ್ತೂರಿ ನಗಲಿಲ್ಲ. ಆ ಗಾಡಿಯನ್ನು ಅವಳೇ ಎಷ್ಟು ಸಲ ಲೂಪಿಗೆ ಹಾಕಿದ್ದಳೋ. ಕಂಟ್ರೋಲಿನವರ ರೂಢಿಯೇ ಹಾಗೆ: ಒಂದು ಗಾಡಿ ತುಸು ತಡವಾಯಿತೆಂದರೆ ಅದರ ದಾರಿ, ಎಂದರೆ ಹಳಿಯ ಮೇಲೆ ಅದಕ್ಕೆಂದು ಇಟ್ಟ ಹೊತ್ತು, ಕಳೆದುಹೋಯಿತು ಎನ್ನುತ್ತಾರೆ. ಸರಿಯಾದ ಹೊತ್ತಿಗೆ ಓಡುವ ಗಾಡಿಗಳನ್ನು ಕೆಡಿಸಬಾರದೆಂದು ತಡವಾದದ್ದನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ. ನಿಂತ ಗಾಡಿ ಇನ್ನಷ್ಟು ತಡವಾಗುತ್ತದೆ. ತಿಂಗಳ ಕೊನೆಗೆ ನೋಡಿದರೆ, ಇದು ಯಾವಾಗಲೂ ತಡ ಎಂದು ಯಂತ್ರವೇ ಹೇಳುತ್ತದೆ. ಹಾಗಾಗಿ ಮುಂದಿನ ತಿಂಗಳು ಇನ್ನೂ ಬೇಗ ಪಕ್ಕಕ್ಕೆ ಹಾಕುತ್ತಾರೆ. ಒಮ್ಮೆ ಬಂದ್ ಆದ ದಿನ ಎಕ್ಸ್‌ಪ್ರೆಸ್ ಗಾಡಿಗಳೊಂದೂ ಓಡಲಿಲ್ಲ. ಅವತ್ತು ಸೋಮಾರಿ ಹೊತ್ತಿಗೆ ಮುಂಚೆಯೇ ಹುಬ್ಬಳ್ಳಿಗೆ ಬಂದು, ಪ್ಲಾಟ್‌ಫಾರ್ಮ್ ಇನ್ನೂ ಖಾಲಿಯಾಗದೆ ಊರ ಹೊರಗೆ ಕೂಗುತ್ತ ನಿಂತಿತ್ತು. ಆಗ ಇಡೀ ಕೋಣೆ ನಕ್ಕಿತ್ತು. ಈಗ ಅದನ್ನು ನೆನೆದು ಕಸ್ತೂರಿಯ ಮೈ ಬಿಸಿಯಾಯಿತು. ಜ್ವರವಲ್ಲ, ಸಿಟ್ಟು. ಸಹಿ ಹಾಕುವುದನ್ನೂ ಮರೆತು ಅವಳು ಆಟೋ ಹತ್ತಿ ಆಸ್ಪತ್ರೆಗೆ ಹೋದಳು.

ತಹಸೀನ್ ಡಾಕ್ಟರ್ ಕೈ ತೊಳೆಯುತ್ತಿದ್ದರು. ಕಸ್ತೂರಿ ಬಾಗಿಲಲ್ಲೇ ನಿಂತು ಕೇಳಿದಳು: “ಗೌಡಪ್ಪ ಬಂದಾಗಿಂದ ಮ್ಯಾಲಿನವರಾಗ ಒಬ್ಬರಿಗರ ಗೂಡು ಸಿಕ್ಕೈತೇನ್ರಿ ಬಾಯಾರ?”

“ಇಲ್ಲ.”

“ಮತ್ತ ಕೊಟ್ಟಿದ್ರ ಏನಾಕ್ಕಿತ್ತು ಅಂತ ಅವಗ ಹೆಂಗ ಗೊತ್ತು?”

ತಹಸೀನ್ ನಲ್ಲಿ ನಿಲ್ಲಿಸಿದರು. ಈ ಪ್ರಶ್ನೆಯನ್ನು ಅವರು ಎರಡು ವರ್ಷದ ಹಿಂದೆಯೇ ಸಭೆಯಲ್ಲಿ ಎತ್ತಿದ್ದರು. ಸತ್ತವರಲ್ಲಿ ಗಡ್ಡೆಯ ಜಾಗದಿಂದ ಹೋದವರೆಷ್ಟು, ಗೂಡು ಸಿಗದೆ ಹೋದವರೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ, ಕೆಂಪಿನೊಳಗೆ ಎರಡೂ ಕಲಸಿಹೋಗಿವೆ ಎಂದಿದ್ದರು. ಬೇರ್ಪಡಿಸಬೇಕಾದರೆ ಕೆಲವು ಮೇಲಿನವರಿಗೆ ಗೂಡು ಕೊಟ್ಟು ನೋಡಬೇಕು ಎಂದದ್ದಕ್ಕೆ, ಸಾಯುವವರಿಗೆ ಕೊಟ್ಟು ಬದುಕುವವರನ್ನು ಕೊಲ್ಲಲೇ ಎಂದು ಕಟ್ಟಿಯವರು ಕೇಳಿದ್ದರು. ಸಭೆ ಅಲ್ಲಿಗೆ ಮುಗಿದಿತ್ತು. ಕಟ್ಟಿಯವರು ಕಲ್ಲೆದೆಯವರೆಂದು ತಿಳಿಯಬೇಡಿ ಎಂದೂ ತಹಸೀನ್ ಹೇಳಿದರು. ಅವರ ಒಡಹುಟ್ಟಿದ ಅಕ್ಕನಿಗೇ ಮೇಲ್ತುದಿಯ ಗಡ್ಡೆಯಾಗಿತ್ತು. ಆಗಲೂ ಅವರು ಯಂತ್ರದ ಮಾತನ್ನು ಮೀರಲಿಲ್ಲ. ಅಕ್ಕ ವರ್ಷದೊಳಗೆ ತೀರಿಕೊಂಡಳು.

ಕಸ್ತೂರಿ ಬಾಗಿಲಿಂದ ಒಳಗೆ ಬಂದಳು. ಆಮೇಲೆ, ಯಂತ್ರಕ್ಕೆ ಏನೂ ಗೊತ್ತಿಲ್ಲದ ಹೊಸ ಬಗೆಯ ಗಡ್ಡೆ ಬಂದರೆ ಏನು ಮಾಡುತ್ತದೆ ಎಂದು ಕೇಳಿದಳು. ಗೊತ್ತಿಲ್ಲದವರಿಗೆಂದೇ ತಿಂಗಳಿಗೊಂದು ಗೂಡು ತೆಗೆದಿಡುತ್ತದೆ, ಚೀಟಿ ಎತ್ತಿದಂತೆ ಒಬ್ಬರನ್ನು ಆರಿಸುತ್ತದೆ, ಇಲ್ಲದಿದ್ದರೆ ಕಲಿಯುವುದು ಹೇಗೆ ಎಂದರು ಡಾಕ್ಟರ್. ಹೊಸದೇ ಆಗಬೇಕೆಂದಿಲ್ಲ, ವರ್ಷವರ್ಷಕ್ಕೂ ಚಿಕಿತ್ಸೆ ಬದಲಾಗುವುದರಿಂದ ಹಳೆಯ ಸಂಗತಿಗಳನ್ನು ಅದು ನಂಬುವುದಿಲ್ಲ. ಒಂದು ಜಾಗದಲ್ಲಿ ಹತ್ತು ಜನರ ಮಣಿಕಟ್ಟಿನ ಪಟ್ಟಿಯಾದರೂ ಚಾಲ್ತಿಯಲ್ಲಿರಬೇಕು. ಹತ್ತಕ್ಕಿಂತ ಕಡಿಮೆಯಾದರೆ ಆ ಜಾಗ ಗೊತ್ತಿಲ್ಲದ್ದೆಂದೇ ಲೆಕ್ಕ; ಪಟ್ಟಿ ಇರಲಿ ಬಿಡಲಿ, ಆ ಜಾಗದವರೆಲ್ಲ ಚೀಟಿಗೆ ಸೇರುತ್ತಾರೆ. ಹೇಳುತ್ತ ಹೇಳುತ್ತ ತಹಸೀನ್ ತಡೆದು, ಕಸ್ತೂರಿಯ ಮಣಿಕಟ್ಟನ್ನು ನೋಡಿದರು. ಕಸ್ತೂರಿಯೂ ಅದನ್ನೇ ನೋಡುತ್ತಿದ್ದಳು.

“ಇದನ್ನ ಬಿಚ್ಚಾಕ ನಮಗ ಹಕ್ಕ ಐತೇನ್ರಿ?”

“ಐತಿ. ಆದ್ರ ಬಿಚ್ಚಿದ ಮ್ಯಾಲ ಹೊಲಿಗಿ ಸೋರಲಿ, ಸಕ್ಕರಿ ಇಳೀಲಿ, ನಮಗ ಗೊತ್ತಾಗೂದಿಲ್ಲ ಅಕ್ಕಾರ. ಆಂಬುಲೆನ್ಸ್ ತಾನಾಗೇ ಬರೂದಿಲ್ಲ. ಇದು ಆಟ ಅಲ್ಲ.”

ಹಳಿಯ ಮೇಲೆ ಗಾಡಿ ಇದೆಯೋ ಇಲ್ಲವೋ ಗೊತ್ತಾಗದಿದ್ದಾಗ ಕಂಟ್ರೋಲಿನವರು ಸುಮ್ಮನೆ ಕೂರುವುದಿಲ್ಲ. ಒಂದು ಗಾಡಿಯನ್ನು ನಿಧಾನಕ್ಕೆ ಬಿಟ್ಟು ನೋಡುತ್ತಾರೆ. ಆ ಮೊದಲ ಗಾಡಿಯ ಡ್ರೈವರನಿಗೆ ಅಪಾಯ ಇದ್ದೇ ಇರುತ್ತದೆ. ಇದನ್ನು ಕಸ್ತೂರಿ ಡಾಕ್ಟರರಿಗೆ ಹೇಳಿ, ಅಲ್ಲಿಯೇ ಪಟ್ಟಿಯ ಗುಂಡಿ ಒತ್ತಿ ಬಿಚ್ಚಿ, ಅವರ ಮೇಜಿನ ಮೇಲಿಟ್ಟು ಬಂದಳು.

ಮೇಲ್ತುದಿಯವರ ತಪಾಸಣೆಯ ಮಂಗಳವಾರ ಆಸ್ಪತ್ರೆಯ ಪಡಸಾಲೆ ಒಂದು ಬುತ್ತಿಯೂಟದ ಹಾಗಿರುತ್ತಿತ್ತು. ಎರಡು ತಾಸಿಗೊಮ್ಮೆ ಎಲ್ಲರಿಗೂ ತಿನ್ನಲೇಬೇಕಲ್ಲ, ಡಬ್ಬಿಗಳು ಬಿಚ್ಚಿಕೊಳ್ಳುತ್ತಿದ್ದವು. ನವಲಗುಂದದವರ ಡಬ್ಬಿಯ ಮೊಸರನ್ನ ಬ್ಯಾಡಗಿಯವರ ಕೈಗೆ ಹೋಗುತ್ತಿತ್ತು, ಬ್ಯಾಡಗಿಯವರ ಮೆತ್ತನೆಯ ಇಡ್ಲಿ ಇನ್ನಾರದೋ ಬಾಯಿಗೆ. ಅರ್ಧ ತುತ್ತು ತಿಂದು, ಇನ್ನರ್ಧ ಹಂಚಿ, ಒಬ್ಬರ ಮೈ ಇಳಿದದ್ದನ್ನು ಇನ್ನೊಬ್ಬರು ಕಂಡೂ ಕಾಣದಂತೆ ಮಾತಾಡುತ್ತಿದ್ದರು. ಪ್ರತಿ ಸಲ ಒಂದೆರಡು ಡಬ್ಬಿ ಬರುತ್ತಿರಲಿಲ್ಲ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಕಸ್ತೂರಿ ಅವರ ನಡುವೆ ಕೂತು ಸೋಮಾರಿ ಗಾಡಿಯ ಕತೆ ಹೇಳಿದಳು. ನಗಿಸುತ್ತ ಹೇಳಿದಳು, ಕೊನೆಗೆ ನಗು ನಿಲ್ಲುವಂತೆ ಹೇಳಿದಳು. ಪಟ್ಟಿ ಬಿಚ್ಚಿದರೆ ಏನಾಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಚೀಟಿ ಎದ್ದರೂ ತಿಂಗಳಿಗೆ ಒಬ್ಬರಿಗೇ ಗೂಡು, ಉಳಿದವರಿಗೆ ಇಲ್ಲ ಎಂಬುದನ್ನೂ ಹೇಳಿದಳು. ಕೆಲವರು ಅಲ್ಲೇ ಬಿಚ್ಚಿದರು. ಕೆಲವರು ಮನೆಯವರನ್ನು ಕೇಳಿ ಹೇಳುತ್ತೇವೆ ಎಂದರು. ಹಜರತ್‌ಸಾಬ ನದಾಫ ಮಾತ್ರ ಎದ್ದು ನಿಂತು ಜಗಳ ತೆಗೆದ. ಮೂವತ್ತು ವರ್ಷ ಮದುವೆ ಮೆರವಣಿಗೆಗಳ ಮುಂದೆ ಕ್ಲಾರಿಯೊನೆಟ್ ಊದಿದ ಮುದುಕ. ಈಗ ಎದೆಯ ಹೊಲಿಗೆಯಿಂದಾಗಿ ಪೀಪಿ ಊದುವಷ್ಟೂ ಉಸಿರಿಲ್ಲ. ಇರುವ ಒಂದು ಕಾವಲನ್ನೂ ಕಿತ್ತು ಎಸೆಯಿರಿ ಎನ್ನುವುದು ಯಾವ ಬುದ್ಧಿ ಎಂದು ಕೇಳಿದ.

“ಇದನ್ನೂ ಬಿಚ್ಚಿದ್ರ ನಾ ಸತ್ತದ್ದು ಯಾರಿಗೂ ಗೊತ್ತಾಗೂದಿಲ್ಲ ತಂಗೆವ್ವ.”

“ಗೊತ್ತಾಗಿ ಏನಾಗೈತ್ರಿ ಸಾಬರ? ನಾವು ಸತ್ತದ್ದನ್ನ ಬಣ್ಣಾ ಮಾಡಿ ಗ್ವಾಡಿಗೆ ಬಳೀತಾರ. ಆ ಬಣ್ಣಾ ತೋರಿಸಿ ನಮ್ಮ ಹಿಂದ ಬರೂವರಿಗೆ ಇಲ್ಲ ಅಂತಾರ.”

ಮುದುಕ ಒಪ್ಪಲಿಲ್ಲ. ಪಟ್ಟಿಯ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡು, ದೂರದ ಬೆಂಚಿಗೆ ಹೋಗಿ ಕೂತ. ಸಂಜೆಯ ಹೊತ್ತಿಗೆ ಮೇಲ್ತುದಿಯಲ್ಲಿ ಇನ್ನೂ ಹದಿನಾಲ್ಕು ಪಟ್ಟಿಗಳು ಚಾಲ್ತಿಯಲ್ಲಿದ್ದವು. ಕೆಂಪು ಕೆಂಪಾಗಿಯೇ ಇತ್ತು.

ಮುಂದಿನ ದಿನಗಳು ಸುಲಭವಿರಲಿಲ್ಲ. ಎಳ್ಳಮಾವಾಸ್ಯೆಯ ದಿನ ಪಕ್ಕದ ಮನೆಯಿಂದ ಮಾದಲಿ ಬಂತು. ಗೋದಿ ಮಾದಲಿ, ಬೆಲ್ಲ, ಮೇಲೆ ತುಪ್ಪ, ಹಾಲು. ಕಸ್ತೂರಿಗೆ ತಡೆಯಲಾಗಲಿಲ್ಲ. ಎರಡು ತುತ್ತಿನ ಕಟ್ಟಳೆ ಮರೆತು ಒಂದು ಬಟ್ಟಲು ತಿಂದುಬಿಟ್ಟಳು. ಸಿಹಿ ನಿಲ್ಲಲು ಜಠರವಿಲ್ಲದೆ ಒಮ್ಮೆಲೇ ಕರುಳಿಗಿಳಿಯಿತು. ಮೊದಲು ಎದೆ ಡವಡವ ಎಂದಿತು, ಸ್ವಲ್ಪ ಹೊತ್ತಿನ ಮೇಲೆ ಸಕ್ಕರೆ ಸರ್ರನೆ ಕುಸಿದು, ಬೆವರಿ, ಕಣ್ಣು ಕತ್ತಲಿಟ್ಟು ಅಡುಗೆಮನೆಯ ಹೊಸ್ತಿಲಲ್ಲೇ ಕುಸಿದಳು. ಪಟ್ಟಿಯಿದ್ದಿದ್ದರೆ ಅದು ಆಗಲೇ ಕೂಗುತ್ತಿತ್ತು. ಮೌನೇಶ ಹಿತ್ತಲಲ್ಲಿ ಉಳಿ ಮಸೆಯುತ್ತಿದ್ದವನು ಏನೂ ಕೇಳಿಸದೆ, ನೀರು ಕುಡಿಯಲು ಒಳಗೆ ಬಂದಾಗಲೇ ನೋಡಿದ್ದು. ಸಕ್ಕರೆ ನೀರು ಕುಡಿಸಿ, ತೊಡೆಯ ಮೇಲೆ ತಲೆಯಿಟ್ಟುಕೊಂಡು ಕೂತ. ಅವಳು ಕಣ್ಣು ಬಿಟ್ಟಾಗ ಅವನು ಅಳುತ್ತಿದ್ದ. ಮದುವೆಯಾದಾಗಿನಿಂದ ಅವಳು ಅದನ್ನು ನೋಡಿರಲಿಲ್ಲ.

“ಕಟ್ಟಿಕೋ ಕಸ್ತೂರಿ. ನಿನ್ನ ಕಾಲಿಗೆ ಬೀಳ್ತೀನಿ, ನಾಳೆ ಹೋಗಿ ಆ ಪಟ್ಟಿ ಕಟ್ಟಿಕೋ.”

ಅವಳಿಗೂ ಹೆದರಿಕೆಯಾಗಿತ್ತು. ಹೊಸ್ತಿಲ ತಣ್ಣಗಿನ ಕಲ್ಲು ಕೆನ್ನೆಗೆ ತಾಗಿದಾಗ, ಮುಗಿಯಿತು ಎಂದೇ ಅಂದುಕೊಂಡಿದ್ದಳು. ಆದರೂ ತಾನು ಕಟ್ಟಿಕೊಂಡರೆ ತನ್ನ ಮಾತು ಕೇಳಿ ಬಿಚ್ಚಿದವರು ಏನು ಮಾಡಬೇಕು ಎಂದು ಗಂಡನನ್ನು ಕೇಳಿದಳು. ಅಂದಿನಿಂದ ಅವನು ಉಳಿ ಮಸೆಯುವುದನ್ನು ಅಡುಗೆಮನೆಯ ಬಾಗಿಲಿಗೇ ತಂದ. ಬೇರೆ ಊರಿನ ಮೇಲ್ತುದಿಯವರ ಮನೆಗಳಿಗೂ ಫೋನ್ ಮಾಡಿ, ಸಿಹಿ ಕೊಡಬೇಡಿ, ಒಬ್ಬರೇ ಬಿಡಬೇಡಿ ಎಂದು ಹೇಳತೊಡಗಿದ. ಜಗಳ ಬೇಡವೆಂದವನು ಈಗ ಜಗಳದ ಅರ್ಧ ಕೆಲಸ ತಾನೇ ಹೊತ್ತುಕೊಂಡಿದ್ದ.

ಮುಂದಿನ ತಿಂಗಳ ತಪಾಸಣೆಯ ಮಂಗಳವಾರಕ್ಕೆ ಇನ್ನೂ ನಾಲ್ವರು ಬಿಚ್ಚಿದ್ದರು. ಉಳಿದ ಪಟ್ಟಿಗಳು ಸರಿಯಾಗಿ ಹತ್ತು, ಅದರಲ್ಲೊಂದು ಹಜರತ್‌ಸಾಬನದು. ಕಸ್ತೂರಿ ಅವನನ್ನು ಒತ್ತಾಯಿಸಲಿಲ್ಲ. ಮುದುಕನ ಭಯ ಅವಳಿಗೆ ಈಗ ಅರ್ಥವಾಗಿತ್ತು. ಅವನ ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚಿ ರೊಟ್ಟಿಯ ಚೂರು ಕೊಟ್ಟಳು; ಅವನು ತೆಗೆದುಕೊಂಡ.

ಆಗ ಒಳಗಿನಿಂದ ಒಬ್ಬ ಹೊಸಬಳು ಬಂದಳು. ಆಪರೇಷನ್ ಆಗಿ ಹೆಚ್ಚು ದಿನವಾಗಿರದ, ಮಣಿಕಟ್ಟಿಗೆ ಇನ್ನೂ ಪಟ್ಟಿ ಬಿದ್ದಿರದ ಹೆಣ್ಣುಮಗಳು, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಗೋಡೆಯ ಮೇಲೆ. ಪರದೆಯ ಮುಂದೆ ನಿಂತು ಬಹಳ ಹೊತ್ತು ಹುಡುಕಿ ಬೆರಳಿಟ್ಟಳು. ಬೆರಳು ಮೇಲ್ತುದಿಯಲ್ಲಿತ್ತು. ಸುತ್ತ ನೋಡಿ, ಯಾರೂ ನೋಡುತ್ತಿಲ್ಲವೆಂದು ತಿಳಿದು, ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಹಜರತ್‌ಸಾಬ ಬಾಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ಅಗಿದು ನುಂಗಿದ. ಆಮೇಲೆ ಮಣಿಕಟ್ಟಿನ ಗುಂಡಿ ಒತ್ತಿ ಪಟ್ಟಿಯನ್ನು ತೆಗೆದು ಕಸ್ತೂರಿಯ ಡಬ್ಬಿಯ ಮುಚ್ಚಳದ ಮೇಲಿಟ್ಟ.

“ನಾ ಸಾಯೂದಿದ್ರ ನನ್ನ ಸಾವು ನನಗಿರಲಿ,” ಎಂದ. “ಈ ಕೂಸಿನ ಲೆಕ್ಕಕ್ಕ ಬ್ಯಾಡ.”

ಗೋಡೆಯ ಹೊಟ್ಟೆ ಒಮ್ಮೆ ಮಿಣುಕಿತು. ಮೇಲ್ತುದಿಯ ಕೆಂಪು ಅಂಚಿನಿಂದ ತೆಳುವಾಗುತ್ತ ಬಂದು, ಕೊನೆಗೆ ಬರೀ ಗಾಜು ಉಳಿಯಿತು. ಹೊಸಬಳು ಹೆದರಿ ಹಿಂದೆ ಸರಿದಳು, ತಾನು ಮುಟ್ಟಿದ್ದರಿಂದಲೇ ಕೆಟ್ಟಿತೆಂದು. ಪಡಸಾಲೆಯಲ್ಲಿ ಎಲ್ಲರೂ ಎದ್ದು ನಿಂತರು, ಅಷ್ಟೇ.

ಕಟ್ಟಿಯವರು ನಿಗಾ ಕೋಣೆಯಿಂದ ಧಾವಿಸಿ ಬಂದರು. ಹಿಂದೆ ತಹಸೀನ್. ಇದು ಮೋಸ, ಯಂತ್ರದ ಕಣ್ಣಿಗೆ ಬಟ್ಟೆ ಕಟ್ಟಿದಂತೆ, ನಿಮ್ಮಲ್ಲಿ ಯಾರಿಗಾದರೂ ಏನಾದರೂ ಆದರೆ ಯಾರು ಜವಾಬ್ದಾರಿ ಎಂದು ಕಟ್ಟಿಯವರು ಏರಿದ ದನಿಯಲ್ಲಿ ಕೇಳಿದರು. ಒಂದು ಗೂಡು ಈ ಕಡೆ ಬಂದರೆ ಒಬ್ಬ ಹಸಿರಿನವನಿಗೆ ತಪ್ಪುತ್ತದೆ, ಅದನ್ನು ಯಾರು ಹೊರುತ್ತೀರಿ ಎಂದರು. ಆ ಮಾತು ಸುಳ್ಳಲ್ಲ ಎಂದು ಕಸ್ತೂರಿಗೆ ಗೊತ್ತಿತ್ತು, ಅದರ ಭಾರವೂ ತಟ್ಟಿತು. ತಾನು ಹೊರುತ್ತೇನೆ ಎಂದಳು. ಇಷ್ಟು ವರ್ಷ ತಮ್ಮ ಪಾಲಿನದನ್ನು ಬೇರೆಯವರಿಗೆ ಕೊಟ್ಟಾಗ ಯಾರು ಹೊತ್ತರು ಎಂದೂ ಕೇಳಿದಳು.

ಕಟ್ಟಿಯವರ ಕೈ ಜೇಬಿನಲ್ಲಿದ್ದ ಕೀಲಿಯ ಮೇಲೆ ಹೋಯಿತು. ಯಂತ್ರವನ್ನು ತಡೆದು ಮೇಲ್ತುದಿಗೆ ಮತ್ತೆ ಕೆಂಪು ತುಂಬಲು ಅದೊಂದು ಕೀಲಿ ಸಾಕು. ಇದು ತಹಸೀನ್ ಅವರಿಗೆ ಗೊತ್ತಿತ್ತು. ಕೀಲಿ ಏನೆಂದು ಕಸ್ತೂರಿಗೆ ಗೊತ್ತಿಲ್ಲದಿದ್ದರೂ ಕೈ ಎಲ್ಲಿಗೆ ಹೋಯಿತೆಂಬುದು ಕಂಡಿತು.

“ನೀವು ಎಂದೂ ಕೈ ಹಾಕಿಲ್ಲ ಅಂದಿದ್ರಿ ಸಾಹೇಬ್ರ,” ಎಂದಳು ಮೆಲ್ಲಗೆ. “ಅಕ್ಕನ ಸಲುವಾಗಿನೂ ಹಾಕಲಿಲ್ಲಂತ. ಈಗ ಹಾಕಬ್ಯಾಡ್ರಿ. ಜಾಗಾ ಹೇಳತೈತಿ ಅಂದ್ರಿ, ಜಾಗಾ ಮಾತಾಡೂದಿಲ್ರಿ. ಇಷ್ಟ ದಿನಾ ಅದರ ಬಾಯಾಗ ನೀವ ಮಾತಾಡೀರಿ. ಈಗರ ಅದು ಏನಂತೈತಿ ಕೇಳೂಣು.”

ಕಟ್ಟಿಯವರು ಬಣ್ಣವಿಲ್ಲದ ಆ ಜಾಗವನ್ನೇ ನೋಡುತ್ತ ನಿಂತರು. ಅವರ ಮುಖದಲ್ಲಿ ಸಿಟ್ಟು ಇಳಿದು ಬೇರೆ ಏನೋ ಬಂತು. ಗೂಡು ಕೊಟ್ಟಿದ್ದರೆ ಅಕ್ಕ ಇರುತ್ತಿದ್ದಳೇನೋ ಎಂಬ ಪ್ರಶ್ನೆಯನ್ನು ಕೆಂಪು ಬಣ್ಣ ಇಷ್ಟು ವರ್ಷ ಮುಚ್ಚಿಟ್ಟಿತ್ತು. ಆ ಮನುಷ್ಯನನ್ನು ಕಂಡು ಕಸ್ತೂರಿಗೆ ಪಾಪ ಎನಿಸಿತು, ಆದರೆ ಅವಳು ದಾರಿ ಬಿಡಲಿಲ್ಲ. ಕೊನೆಗೆ ಅವರ ಕೈ ಜೇಬಿನಿಂದ ಖಾಲಿಯಾಗಿಯೇ ಹೊರಬಂತು.

“ಆಗಲಿ,” ಎಂದರು. “ನಾ ಕೈ ಹಾಕೂದಿಲ್ಲ.”

ಗೊತ್ತಿಲ್ಲದವರ ಚೀಟಿಯನ್ನು ನಿರ್ಣಯ ಆ ಮಧ್ಯಾಹ್ನವೇ ಎತ್ತಿತು. ಪರದೆಯ ಮೇಲೆ ಹೆಸರುಗಳು ಉರುಳುವಾಗ ಕಸ್ತೂರಿ ತನ್ನ ಹೆಸರಿಗಾಗಿ ಕಾದಳು. ಎಲ್ಲರಿಗಾಗಿ ಹೊಡೆದಾಡಿದವಳು ಆ ಗಳಿಗೆಯಲ್ಲಿ ತನಗೇ ಬರಲಿ ಎಂದು ಬೇಡಿಕೊಂಡದ್ದು ನಿಜ. ಉರುಳಾಟ ನಿಂತಿತು. ಹಜರತ್‌ಸಾಬ ನದಾಫ ಎಂದಿತ್ತು.

ಹೊಟ್ಟೆಯಿಲ್ಲದ ಕಡೆ ಹೊಟ್ಟೆ ಉರಿದಂತಾಯಿತು ಅವಳಿಗೆ. ಕೊನೆಯವರೆಗೂ ಬೇಡವೆಂದು ಕೂತವನಿಗೆ ಸಿಕ್ಕಿತು. ಜೊತೆಗೆ ಬಂದಿದ್ದ ಮೌನೇಶ ಅವಳ ಹಿಂದೆ ನಿಂತು ಎರಡೂ ಭುಜ ಹಿಡಿದುಕೊಂಡ. ಮುದುಕ ಎದ್ದು ಅವಳ ಮುಂದೆ ಬಂದು ನಿಂತ.

“ಇದು ನಂದಲ್ಲ ತಂಗೆವ್ವ. ಇದು ನಿಂದು. ನಾ ಬರದು ಕೊಡ್ತೀನಿ.”

ಬಾಯಿ ಬಿಟ್ಟು ಹೂಂ ಎನ್ನಲು ಅವಳಿಗೆ ಒಂದು ಕ್ಷಣ ಸಾಕಿತ್ತು. ಆ ಕ್ಷಣವನ್ನು ಅವಳು ಕಚ್ಚಿ ಹಿಡಿದು ನುಂಗಿದಳು. ಆಮೇಲೆ ಕಂಟ್ರೋಲ್ ಕೋಣೆಯ ಗಟ್ಟಿ ದನಿ ತಾನಾಗಿ ಬಂತು.

“ಸಿಗ್ನಲ್ ಬಿದ್ದ ಮ್ಯಾಲ ಗಾಡಿ ನಿಂದರಬಾರದ್ರಿ ಸಾಬರ. ನೀವು ನಿಂತ್ರ ಹಿಂದ ಬರೂ ಗಾಡಿಗೂ ಅಡ್ಡ. ನಡೀರಿ, ನಡೀರಿ. ಗುಣಾ ಆಗಿ ಬಂದು ಇಲ್ಲೇ ಒಂದ್ಸಲ ಊದಿ ತೋರಸ್ರಿ.”

ತಹಸೀನ್ ಮುದುಕನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಪಡಸಾಲೆಯವರು ದಾರಿ ಬಿಟ್ಟುಕೊಟ್ಟರು. ಗೂಡಿನ ಕೋಣೆಗೆ ನಡೆದು ಹೋದ ಮೊದಲ ಮೇಲ್ತುದಿಯವನನ್ನು, ಹೊಸಬಳೂ ಸೇರಿ, ಎಲ್ಲರೂ ಬಾಗಿಲು ಮುಚ್ಚುವವರೆಗೆ ನೋಡಿದರು.

ಕಟ್ಟಿಯವರು ಹೋಗಿರಲಿಲ್ಲ. ಕಸ್ತೂರಿಯ ಹತ್ತಿರ ಬಂದು, ನಿಮ್ಮ ಗಡ್ಡೆಯ ಚೂರು ಇನ್ನೆಷ್ಟು ದಿನ ತಾಳುತ್ತದೆಂದು ನೋಡಿದ್ದೇನೆ, ಇನ್ನು ಎರಡು ಚೀಟಿಗಳಿಗೆ ಅವಕಾಶವಿದೆ ಎಂದರು.

“ಪಟ್ಟಿ ಇಲ್ಲ, ಔಷಧ ಇಲ್ಲ... ಮುಂದಿನ ಚೀಟಿಗೆ ಇನ್ನ ಒಂದು ತಿಂಗಳ ಅದ, ಬಾಯಾರ.”

ಎರಡು ತಾಸು ಆಗಿತ್ತು. ಕಸ್ತೂರಿ ಗೋಡೆಯ ಹೊಟ್ಟೆಯ ಕೆಳಗಿನ ಬೆಂಚಿನಲ್ಲಿ ಕೂತು ಮೌನೇಶನ ಡಬ್ಬಿ ತೆರೆದಳು. ಹೊಸಬಳನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡು, ಚಟ್ನಿ ಹಚ್ಚಿದ ಒಂದು ಚೂರು ರೊಟ್ಟಿ ಅವಳ ಕೈಗಿಟ್ಟಳು, ಇನ್ನೊಂದು ತನ್ನ ಬಾಯಿಗಿಟ್ಟಳು. ಅವಸರವಿಲ್ಲದೆ ಅಗಿದು, ನುಂಗಿ, ಕಟ್ಟಿಯವರ ಮುಖ ನೋಡಿದಳು.

“ಇರ್ತೀನಿ ತಗೋರಿ,” ಎಂದಳು.